ಕಾಲೇಜು ಕೊಟ್ಟ ಹೆಲ್ತ್ ಇನ್ಶೂರೆನ್ಸ್: 61ನೇ ಪುಟ ಓದಿ ಸೇರಿ

ಅಮೆರಿಕದಲ್ಲಿ ಚರ್ಚಿಗೆ ಸೇರಿದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿನ ಇನ್ಶೂರೆನ್ಸಿಗೆ ನನ್ನ ಲೆಕ್ಕದಲ್ಲಿ 5ಕ್ಕೆ 3 ಸ್ಟಾರ್.

ಪ್ಲಾನ್ ಕೆಟ್ಟದ್ದೇನಲ್ಲ. ಮಗ ಕೈ ಮುರಿದುಕೊಂಡಾಗ ಎಮರ್ಜೆನ್ಸಿ ಬಿಲ್ಲು ಒಂದು ಫೋನೂ ಮಾಡದೆ ಸೆಟಲ್ ಆಯ್ತು. ಇಲ್ಲಿ ಇದ್ದವರಿಗೆ ಗೊತ್ತು, ಇದು ಸಣ್ಣ ಮಾತಲ್ಲ.

ತೊಂದರೆ ಶುರುವಾಗಿದ್ದು ಎರಡನೇ ಮಗು ಆದ ಮೇಲೆ. ಕಾಪರ್ ಟಿ ಹಾಕಿಸಿಕೊಳ್ಳೋಣ ಅಂತ ಹೋದೆ. ಕೌಂಟರಿನ ಹುಡುಗಿ ಕಾರ್ಡ್ ನಂಬರ್ ಹಾಕಿ, ಸ್ಕ್ರೀನ್ ನೋಡಿ, ಇನ್ನೊಂದು ಸಲ ಹಾಕಿ, ದನಿ ಇಳಿಸಿ "ನಿಮ್ಮ ಪ್ಲಾನಿನಲ್ಲಿ ಇದಿಲ್ಲ, ಕೈಯಿಂದ ಕಟ್ತೀರಾ?" ಅಂದಳು. ಸಾವಿರ ಡಾಲರಿಗೂ ಜಾಸ್ತಿ! ಮನೆಗೆ ಬಂದು ಪ್ಲಾನಿನ ಪುಸ್ತಕ ತೆಗೆದರೆ 61ನೇ ಪುಟದಲ್ಲಿ ಸಣ್ಣಕ್ಷರದ ಒಂದೇ ಸಾಲು: ಸಂಸ್ಥೆಯ ಧಾರ್ಮಿಕ ನಂಬಿಕೆಯ ಕಾರಣ ಗರ್ಭನಿರೋಧಕಗಳಿಗೆ ಕವರೇಜ್ ಇಲ್ಲ. ಎಚ್‌ಆರ್ ಮೇಡಂ ನಗುನಗುತ್ತಲೇ "ಪುಸ್ತಕದಲ್ಲಿ ಇದೆಯಲ್ಲ" ಅಂದರು.

ಒಬಾಮಾಕೇರ್ ಅನ್ನೋ ಹೆಲ್ತ್ ಇನ್ಶೂರೆನ್ಸ್ ಕಾನೂನು ಬಂದ ಮೇಲೆ ಇದೆಲ್ಲ ಪುಕ್ಕಟೆ ಅಂದುಕೊಂಡಿದ್ದೆ. ಹೆಚ್ಚಿನ ಪ್ಲಾನುಗಳಲ್ಲಿ ಪುಕ್ಕಟೆಯೇ. ಆದರೆ 2014ರಲ್ಲಿ ಹಾಬಿ ಲಾಬಿ ಅನ್ನೋ ಕ್ರಾಫ್ಟ್ ಸಾಮಾನಿನ ಅಂಗಡಿಯವರು, ನಮ್ಮ ಧರ್ಮಕ್ಕೆ ಒಪ್ಪದ ಗರ್ಭನಿರೋಧಕಕ್ಕೆ ಕವರೇಜ್ ಕೊಡಲ್ಲ ಅಂತ ಸುಪ್ರೀಂ ಕೋರ್ಟಿಗೆ ಹೋಗಿ 5-4ರಿಂದ ಗೆದ್ದರು. ಅವರು ಬೇಡ ಅಂದಿದ್ದು 20 ಬಗೆಗಳಲ್ಲಿ 4 ಮಾತ್ರ. ಚರ್ಚಿನ ಕಾಲೇಜು, ಆಸ್ಪತ್ರೆಗಳಿಗೆ ಆಗ ಬೇರೆ ದಾರಿ ಇತ್ತು: ನಮಗೆ ಆಗಲ್ಲ ಅಂತ ಒಂದು ಫಾರಂ ಕೊಟ್ಟರೆ ಇನ್ಶೂರೆನ್ಸ್ ಕಂಪನಿಯೇ ಆ ಖರ್ಚು ನೋಡಿಕೊಳ್ಳುತ್ತಿತ್ತು. ನನ್ನ ಗೆಳತಿಗೆ ಹಾಗೇ ಇನ್ನೊಂದು ಕಾರ್ಡ್ ಪೋಸ್ಟಿನಲ್ಲಿ ಬಂತು, ಅವಳಿಗೆ ಒಂದು ಡಾಲರೂ ಬೀಳಲಿಲ್ಲ. ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಅನ್ನೋ ಸಂನ್ಯಾಸಿನಿಯರು ಆ ಫಾರಂ ಕೊಡುವುದೂ ಪಾಪದಲ್ಲಿ ಕೈಜೋಡಿಸಿದ ಹಾಗೆ ಅಂದರು. 2020ರಲ್ಲಿ ಕೋರ್ಟು 7-2ರಿಂದ, ಫಾರಂ ಕೂಡ ಬೇಡ ಅನ್ನೋ ಸರ್ಕಾರದ ಪೂರ್ತಿ ವಿನಾಯಿತಿಯ ನಿಯಮವನ್ನು ಒಪ್ಪಿತು. ಆ ನಿಯಮದಲ್ಲಿ ಫಾರಂ ಬೇಕಾದರೆ ಕೊಡಬಹುದಿತ್ತು, ಬೇಡವಾದರೆ ಇಲ್ಲ. ನಮ್ಮ ಕಾಲೇಜು ಬೇಡ ಅಂದಿತು.

ಆ ಸಂನ್ಯಾಸಿನಿಯರನ್ನು ನಾನು ಸುಮ್ನೆ ಬೈಯಲ್ಲ. ಮಡಿಯಲ್ಲಿದ್ದ ನಮ್ಮಜ್ಜಿ ಬೇರೆಯವರ ಊಟಕ್ಕೂ ಈರುಳ್ಳಿ ಹೆಚ್ಚುತ್ತಿರಲಿಲ್ಲ, ಗೊತ್ತು. ಆದರೆ ಅಜ್ಜಿ ಯಾರ ತಟ್ಟೆಯನ್ನೂ ಕಿತ್ತುಕೊಂಡವರಲ್ಲ ಅಲ್ವಾ. ಈ ಇನ್ಶೂರೆನ್ಸ್ ದುಡ್ಡು ಕಾಲೇಜು ಕೊಡೋ ದಾನವೂ ಅಲ್ಲ, ನಾನು ದುಡಿದ ಸಂಬಳದ ಒಂದು ಭಾಗ. ಎರಡನೇ ಮಹಾಯುದ್ಧದಲ್ಲಿ ಸರ್ಕಾರ ಸಂಬಳ ಏರಿಸೋದಕ್ಕೆ ಕಡಿವಾಣ ಹಾಕಿದಾಗ ಕಂಪನಿಗಳು ಜನರನ್ನು ಸೆಳೆಯಲು ಇನ್ಶೂರೆನ್ಸ್ ಕೊಡತೊಡಗಿದವು, ಆ ಗಂಟು ಇವತ್ತಿಗೂ ಬಿಚ್ಚಿಲ್ಲ, ಹಾಗಾಗಿ ನನ್ನ ಡಾಕ್ಟರ್ ರೂಮಿನೊಳಗೆ ನನ್ನ ಕಾಲೇಜೂ ಬಂದು ಕೂತಿದೆ.

2 ಸ್ಟಾರ್ ಕಡಿತ ಅವರ ನಂಬಿಕೆಗಲ್ಲ, ಕೆಲಸಕ್ಕೆ ಸೇರುವಾಗ ಬಾಯಿಬಿಟ್ಟು ಹೇಳದ್ದಕ್ಕೆ. ಈ ಸಲದ ಓಪನ್ ಎನ್‌ರೋಲ್‌ಮೆಂಟಿನಲ್ಲಿ, ಅಂದರೆ ವರ್ಷಕ್ಕೊಮ್ಮೆ ಪ್ಲಾನ್ ಬದಲಿಸೋ ಅವಧಿಯಲ್ಲಿ, ನಾನು ಗಂಡನ ಪ್ಲಾನಿಗೂ ಸೇರಿಕೊಂಡೆ, ಪ್ರೀಮಿಯಂ ಜಾಸ್ತಿಯಾದರೂ. ಮಕ್ಕಳಿಗೋಸ್ಕರ ಕಾಲೇಜಿನದನ್ನೂ ಇಟ್ಟುಕೊಂಡಿದ್ದೇನೆ, ಮಗ ಇನ್ನೂ ಮರ ಹತ್ತುವುದು ಬಿಟ್ಟಿಲ್ಲ.