ರಜೆಗೆ ಊರಿಗೆ ಹೋಗೋರು ಸಿಡಿಲಿನ ಎಚ್ಚರಿಕೆ ಕೊಡೋ ದಾಮಿನಿ ಆ್ಯಪ್ ಹಾಕ್ಕೊಳ್ಳಿ, ಒಂದು ತಿಂಗಳು ಬಳಸಿ ಹೇಳ್ತಿದೀನಿ

ಈ ಸಲ ಬೇಸಿಗೆ ರಜೆಗೆ ಮಕ್ಕಳನ್ನ ಕರ್ಕೊಂಡು ಕಡೂರು ಹತ್ರ ತವರುಮನೆಗೆ ಹೋಗಿದ್ದೆ, ಅಶ್ವಿನಿ ಮಳೆ ಶುರು ಆಗೋ ಹೊತ್ತಿಗೆ ಹೋಗಿದ್ದು, ಭರಣಿ ಮುಗಿಯೋವರ್ಗೂ ಅಲ್ಲೇ ಇದ್ವಿ. ಬೆಳಿಗ್ಗೆಯೆಲ್ಲಾ ಕಣ್ಣು ಬಿಡಕ್ಕಾಗದ ಬಿಸಿಲು, ಮೂರು ಗಂಟೆ ಆದ್ಮೇಲೆ ಗಾಳಿನೇ ಇಲ್ದೆ ಧಗೆ, ನಾಲ್ಕೂವರೆ ಐದಕ್ಕೆ ಗುಡ್ಡದ ಕಡೆ ಕಪ್ಪಗೆ ಕಟ್ಕೊಂಡು ಗುಡುಗು. ದಿನಾ ಅಲ್ಲ, ಎರಡು ದಿನ ಬಿಟ್ಟು ಮೂರನೇ ದಿನ.

ಫೋನಲ್ಲಿ ಮೊದಲಿಂದ್ಲೇ ಇದ್ದ ಹವಾಮಾನದ ಆ್ಯಪ್ ನಂಬ್ಕೊಂಡು ಮೊದಲನೇ ಭಾನುವಾರ ಅಮ್ಮ ನಾನು ಸೇರಿ ಮಾಳಿಗೆ ಮೇಲೆ ಸಂಡಿಗೆ ಹಾಕಿದ್ವಿ, ಅಪ್ಪಾಜಿದು ಹಳೇ ಪಂಚೆ ಹಾಸಿ ನಾಲ್ಕು ಸೇರು ಅಕ್ಕಿದು. ಆ್ಯಪಲ್ಲಿ ಇಡೀ ದಿನ ಸೂರ್ಯನ ಚಿತ್ರ. ಸಂಜೆ ಆಲಿಕಲ್ಲು ಸಮೇತ ಬಂತು ನೋಡಿ, ಹತ್ತೇ ನಿಮಿಷ, ಮೇಲೆ ಓಡೋಷ್ಟ್ರಲ್ಲಿ ಅರ್ಧ ಒಣಗಿದ್ದ ಸಂಡಿಗೆ ಎಲ್ಲಾ ಕರಗಿ ಪಂಚೆಗೆ ಮೆತ್ಕೊಂಡು ಗಂಜಿ ಆಗೋಗಿತ್ತು. ಅಮ್ಮ ಏನೂ ಮಾತಾಡ್ಲಿಲ್ಲ, ಪಂಚೆ ಮಡಚಿ ಹಸುವಿನ ಬಾನಿಗೆ ಕೊಡವಿದ್ರು. ಅವತ್ತು ರಾತ್ರಿನೇ ತಮ್ಮ ಹೇಳ್ದ ಅಂತ ದಾಮಿನಿ ಹಾಕ್ಕೊಂಡೆ.

ಇದು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು (ಐಐಟಿಎಂ) ಮಾಡಿರೋದು, ಫ್ರೀ. ದೇಶದಲ್ಲೆಲ್ಲಾ ಸೆನ್ಸರ್ ಇಟ್ಟಿದಾರೆ, ಸಿಡಿಲು ಹೊಡೆದಾಗ ಹೊರಡೋ ರೇಡಿಯೋ ಅಲೆ ಹಿಡಿದು ಎಲ್ಲಿ ಬಿತ್ತು ಅಂತ ಲೆಕ್ಕ ಹಾಕುತ್ತೆ. ಮ್ಯಾಪಲ್ಲಿ ನಾವಿರೋ ಜಾಗದ ಸುತ್ತ 20 ಕಿಲೋಮೀಟರ್ ಮತ್ತೆ 40 ಕಿಲೋಮೀಟರ್ ಲೆಕ್ಕದಲ್ಲಿ ಎಚ್ಚರಿಕೆ ಬರುತ್ತೆ, ಕಳೆದ ಐದು, ಹತ್ತು, ಹದಿನೈದು ನಿಮಿಷದಲ್ಲಿ ಬಿದ್ದ ಸಿಡಿಲು ಬೇರೆ ಬೇರೆ ಬಣ್ಣದಲ್ಲಿ ಕಾಣುತ್ತೆ. ನಾಳೆ ಮಳೆ ಬರುತ್ತಾ ಅಂತ ಇದು ಹೇಳಲ್ಲ, ಅದಕ್ಕೆ ಅಂತ ಹಾಕ್ಕೋಬೇಡಿ. ಮುಂದಿನ ಅರ್ಧ ಮುಕ್ಕಾಲು ಗಂಟೆದು ಮಾತ್ರ. ಬೇಸಿಗೆ ಮಳೆಗೆ ಬೇಕಾಗಿರೋದೂ ಅಷ್ಟೇ ಅನ್ನೋದು ನಂಗೆ ಈಗ ಗೊತ್ತಾಗಿದೆ, ಯಾಕಂದ್ರೆ ಈ ಮೋಡಗಳು ಮಧ್ಯಾಹ್ನದ ಕಾವಿಗೆ ಅಲ್ಲಲ್ಲೇ ಎದ್ದು ಗಂಟೆಯೊಳಗೆ ಸುರಿದು ಖಾಲಿ ಆಗ್ತವೆ, ಒಂದೂರಲ್ಲಿ ಕೆರೆ ಏರಿ ಮೇಲೆ ನೀರು, ಪಕ್ಕದೂರಲ್ಲಿ ಧೂಳು.

ಒಂದಿನ ನನ್ನ ಮಗ, ಅಣ್ಣನ ಮಕ್ಕಳು ಎಲ್ಲಾ ಹೊಲದಲ್ಲಿ ಕ್ರಿಕೆಟ್ ಆಡ್ತಿದ್ರು, ಪಕ್ಕದಲ್ಲೇ ದೊಡ್ಡ ಹುಣಸೆಮರ, ಮಳೆ ಬಂದ್ರೆ ಅವ್ರು ಓಡೋದು ಅದ್ರ ಕೆಳಗೇನೇ. ನಾಲ್ಕು ಗಂಟೆಗೆ ಆ್ಯಪ್ ನೋಡಿದ್ರೆ 40 ಕಿಲೋಮೀಟರಿನ ದೊಡ್ಡ ಸುತ್ತಿನ ಅಂಚಲ್ಲಿ ಐದಾರು ಸಿಡಿಲಿನ ಚುಕ್ಕೆ. ನೆತ್ತಿ ಮೇಲೆ ಇನ್ನೂ ಬಿಸಿಲಿತ್ತು. ಹದಿನೈದು ನಿಮಿಷಕ್ಕೆ ಚುಕ್ಕೆ ಜಾಸ್ತಿ ಆಗಿ ಒಳಗಿನ ಸುತ್ತಿಗೆ ಬಂದ್ವು, ನಾನು ಓಡಿ ಹೋಗಿ ಕರ್ಕೊಂಡು ಬಂದೆ. ಅಪ್ಪಾಜಿ "ಬಿಸ್ಲಲ್ಲಿ ಎಂಥ ಸಿಡ್ಲಮ್ಮ" ಅಂದ್ರು, ಆದ್ರೂ ಮರಕ್ಕೆ ಕಟ್ಟಿದ್ದ ಹಸುನ ಬಿಚ್ಕೊಂಡು ಬಂದ್ರು. ಇಪ್ಪತ್ತೈದು ನಿಮಿಷ ಆದ್ಮೇಲೆ ಶುರುವಾಯ್ತು, ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದ್ರೆ ಮೂರು ಬರ್ತಿರ್ಲಿಲ್ಲ, ಅಂದ್ರೆ ಒಂದು ಕಿಲೋಮೀಟರ್ ಒಳಗೇ ಬೀಳ್ತಿತ್ತು. ಮರಕ್ಕೆ ಏನೂ ಆಗ್ಲಿಲ್ಲ ನಿಜ. ಆದ್ರೆ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತೋರು 2,887 ಜನ, ಮರದ ಕೆಳಗೆ ನಿಂತೋರು, ಹೊಲದಲ್ಲಿದ್ದೋರು, ಕುರಿ ದನ ಮೇಯಿಸೋರು ಇಂಥೋರೇ ಇದಕ್ಕೆ ಸಿಗೋದು. ಅದನ್ನ ಓದಿದ್ಮೇಲೆ ನಂಗೆ ನಿದ್ದೆ ಬರ್ಲಿಲ್ಲ.

ಟ್ರಿಪ್ ಹೋಗೋರಿಗೆ ಇನ್ನೊಂದು. ನಾವು ಮುಳ್ಳಯ್ಯನಗಿರಿಗೆ ಹೋಗಿದ್ವಿ, 1,930 ಮೀಟರ್ ಎತ್ತರ, ಮೇಲೆ ಬರೀ ಹುಲ್ಲುಗುಡ್ಡ, ಮೆಟ್ಟಿಲು ಹತ್ತುವಾಗ ನಿಲ್ಲಕ್ಕೊಂದು ನೆರಳಿಲ್ಲ. ಎಲ್ರೂ ಸಂಜೆ ಸೂರ್ಯಾಸ್ತ ನೋಡಕ್ಕೆ ಅಂತ ಹೋಗ್ತಾರೆ, ಏಪ್ರಿಲ್ ಮೇನಲ್ಲಿ ಅದು ಸಿಡಿಲಿನ ಹೊತ್ತು. ಬೆಳಿಗ್ಗೆ ಏಳಕ್ಕೆ ಹತ್ತಿ ಹನ್ನೊಂದಕ್ಕೆ ಇಳಿದುಬಿಡಿ.

ದಾಮಿನಿ ಜೊತೆಗೆ ಹವಾಮಾನ ಇಲಾಖೆಯವರ ಮೂರು ಗಂಟೆ ಮುನ್ಸೂಚನೆ ಕೂಡ ನೋಡ್ತಿದ್ದೆ, ಹಳದಿ ಅಂದ್ರೆ ಗಮನ ಇರ್ಲಿ, ಕಿತ್ತಳೆ ಅಂದ್ರೆ ಸಿದ್ಧವಾಗಿರಿ. ಅವ್ರು "ಒಂದೆರಡು ಕಡೆ ಗುಡುಗು ಸಹಿತ ಮಳೆ" ಅಂದ್ರೆ ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗ ಅಥವಾ ಅದಕ್ಕಿಂತ ಕಮ್ಮಿ ಕಡೆ ಅಂತ. ನಮ್ಮನೆ ಮೇಲೆ ಬರ್ಲಿಲ್ಲ ಅಂದ್ರೆ ಅವ್ರು ಹೇಳಿದ್ದು ಸುಳ್ಳು ಅಂತಲ್ಲ. ಮೇ ಕೊನೇ ವಾರಕ್ಕೆ ಟ್ರಿಪ್ ಇಟ್ಕೊಂಡಿರೋರು ಮುಂಗಾರಿನ ಸುದ್ದಿನೂ ನೋಡ್ಕೊಳ್ಳಿ, ವಾಡಿಕೆ ಪ್ರಕಾರ ಕೇರಳಕ್ಕೆ ಜೂನ್ 1, ಆದ್ರೆ 2025ರಲ್ಲಿ ಮೇ 24ಕ್ಕೇ ಬಂದುಬಿಡ್ತು.

ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತೀನಿ. ಅರ್ಧ ಯಾಕೆ ಕಮ್ಮಿ ಅಂದ್ರೆ ನೆಟ್‌ವರ್ಕ್ ಇಲ್ಲದ ಕಡೆ ಏನೂ ಬರಲ್ಲ, ಮಲೆನಾಡಿನ ಒಳಗೆ ಹೋಗೋರು ಇದೊಂದನ್ನೇ ನಂಬಬೇಡಿ, ಗುಡುಗು ಕಿವಿಗೆ ಬಿತ್ತು ಅಂದ್ರೆ ಮನೆಯೊಳಗೆ ಇಲ್ಲಾ ಕಾರೊಳಗೆ ಸೇರ್ಕೊಳ್ಳಿ. ಲೊಕೇಶನ್ ಆನ್ ಇಡೋದು ಮರೀಬೇಡಿ. ಅಪ್ಪಾಜಿ ಹತ್ರ ಇರೋದು ಬಟನ್ ಫೋನು, ಅವ್ರಿಗೆ ರಾಜ್ಯ ಸರ್ಕಾರದ ವರುಣಮಿತ್ರ ಸಹಾಯವಾಣಿ 92433 45433 ಕ್ಯಾಲೆಂಡರ್ ಮೇಲೆ ದೊಡ್ಡದಾಗಿ ಬರ್ದು ಕೊಟ್ಟು ಬಂದಿದೀನಿ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು.