ಹಾವಿನ ಮೊಟ್ಟೆಯೊಳಗೆ ಮರಿ ಇದೆಯಾ? ಟಾರ್ಚ್, ತಕ್ಕಡಿ, ಕತ್ತರಿ ಎಲ್ಲ ಬಳಸಿ ನೋಡಿದ ಮೇಲೆ

ಬೇಸಿಗೆ ಬಂತು ಅಂದ್ರೆ ನಮ್ಮಂಥ ಹಾವು ಹಿಡಿಯುವವರಿಗೆ ಫೋನ್ ಶುರು. ಪಾಯ ತೋಡುವಾಗ, ತಿಪ್ಪೆ ಬಗೆಯುವಾಗ, ಹಳೇ ಗೋಡೆ ಕೆಡವುವಾಗ ಮೊಟ್ಟೆ ಸಿಕ್ಕಿವೆ, ಬೇಗ ಬನ್ನಿ ಅಂತ. ಹೆಚ್ಚಿನವು ಕೇರೆ ಹಾವಿನವು, ಇಲ್ಲವೇ ನಾಗರಹಾವಿನವು. ಜಾಗ ಹಾಗೇ ಉಳಿಯುವಂತಿದ್ದರೆ ಮೊಟ್ಟೆಯನ್ನು ಅಲ್ಲೇ ಬಿಡುವುದು ಸರಿ. ಜೆಸಿಬಿ ಬಂದು ನಿಂತಿದ್ದರೆ ಮಾತ್ರ ಅರಣ್ಯ ಇಲಾಖೆಗೆ ತಿಳಿಸಿ, ಅವರ ಒಪ್ಪಿಗೆ ಪಡೆದು, ಒದ್ದೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಡಬ್ಬಿಯಲ್ಲಿ ಇಡುತ್ತೇವೆ. 1972ರ ವನ್ಯಜೀವಿ ಕಾಯ್ದೆಯ ಲೆಕ್ಕದಲ್ಲಿ ಹಾವಿನ ಮೊಟ್ಟೆಯೂ ಪ್ರಾಣಿಯೇ. ಕುತೂಹಲಕ್ಕೆ ಮನೆಗೆ ಒಯ್ದರೆ ಕೇಸು ಬೀಳುತ್ತದೆ.

ಇಟ್ಟ ಮೇಲೆ ಸುಮಾರು ಎರಡು ತಿಂಗಳ ಕಾಯುವಿಕೆ. ಅಷ್ಟರಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: ಒಳಗೆ ಮರಿ ಇದೆಯಾ? ಇದನ್ನು ತಿಳಿಯಲು ನಾವು ಏನೇನೋ ಮಾಡಿ ನೋಡಿದ್ದೇವೆ. ನನ್ನ ಅಳತೆಗೋಲು ಇಷ್ಟೇ: ನೋಡಿದ್ದರಿಂದ ನಾವು ಮಾಡುವ ಕೆಲಸ ಏನಾದರೂ ಬದಲಾಗಬೇಕು. ನೀರು ಹಾಕಬೇಕಾ, ಸತ್ತ ಮೊಟ್ಟೆ ತೆಗೆಯಬೇಕಾ, ಇಷ್ಟು ಗೊತ್ತಾದರೆ ಸಾಕು. ಉಳಿದದ್ದೆಲ್ಲ ಸುಮ್ನೆ ಚಪಲ.

ಕೋಳಿ ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಅಭ್ಯಾಸ ಇರುವವರಿಗೆ ಒಂದು ಮಾತು. ಕೋಳಿ ತನ್ನ ಮೊಟ್ಟೆಯನ್ನು ತಿರುಗಿಸುತ್ತಲೇ ಇರುತ್ತದೆ. ಹಾವಿನ ಮೊಟ್ಟೆಯನ್ನು ಹಾಗೆ ತಿರುಗಿಸಬಾರದು. ಹಾವು ಮೊಟ್ಟೆ ಇಟ್ಟ ಒಂದೆರಡು ದಿನಗಳಲ್ಲೇ ಒಳಗಿನ ಪಿಂಡ ಮೇಲ್ಭಾಗದ ಪೊರೆಗೆ ಅಂಟಿಕೊಳ್ಳುತ್ತದೆ. ಮೊಟ್ಟೆ ಮಗುಚಿದರೆ ಅದು ಸಾಯಬಹುದು. ಅದಕ್ಕೇ ಸಿಕ್ಕ ಜಾಗದಲ್ಲೇ ಮೊಟ್ಟೆಯ ನೆತ್ತಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಆ ಗುರುತು ಮೇಲಿರುವಂತೆಯೇ ಡಬ್ಬಿಗೆ ಇಳಿಸುತ್ತೇವೆ. ಮುಂದೆ ಹೇಳುವ ಯಾವ ವಿಧಾನವೂ ಈ ಗುರುತನ್ನು ಕೆಳಗೆ ಮಾಡಬಾರದು.

ಮೊಬೈಲ್ ಟಾರ್ಚ್ ಎಲ್ಲರೂ ಮೊದಲು ಹಿಡಿಯುವುದು. ಕೈಯಲ್ಲೇ ಇದೆ, ಖರ್ಚಿಲ್ಲ. ಆದರೆ ಅದರ ಬೆಳಕು ಹರಡಿಕೊಳ್ಳುತ್ತದೆ. ಮೊಟ್ಟೆಯೊಳಗೆ ಹೋಗುವುದಕ್ಕಿಂತ ಸುತ್ತ ಚೆಲ್ಲಿ ನಮ್ಮ ಕಣ್ಣಿಗೇ ಹೊಡೆಯುವುದು ಜಾಸ್ತಿ. ಫೋನ್ ಅಗಲ ಬೇರೆ. ಡಬ್ಬಿಯಲ್ಲಿ ಮೊಟ್ಟೆಗಳ ಸಂದಿಗೆ ಇಳಿಯುವುದಿಲ್ಲ, ಹಾಗಾಗಿ ಮೊಟ್ಟೆ ಎತ್ತುವ ಆಸೆ ಹುಟ್ಟುತ್ತದೆ. ತೊಂದರೆ ಇರುವುದೇ ಅಲ್ಲಿ.

ಪೆನ್ ಟಾರ್ಚ್ ನನಗೆ ಒಗ್ಗಿದ್ದು. ಡಾಕ್ಟರು ಗಂಟಲು ನೋಡುತ್ತಾರಲ್ಲ, ಅಂಥ ಸಣ್ಣ ಎಲ್‌ಇಡಿ. ಹಳೇ ಬಲ್ಬಿನದು ಬೇಡ, ಬಿಸಿಯಾಗುತ್ತದೆ. ಅದರ ಮೂತಿಗೆ ಸೈಕಲ್ ಟ್ಯೂಬಿನ ಒಂದು ತುಂಡು ಸಿಕ್ಕಿಸಿದರೆ ಬೆಳಕು ಆಚೀಚೆ ಸೋರುವುದಿಲ್ಲ. ರಾತ್ರಿ ಲೈಟ್ ಆರಿಸಿ, ಮೊಟ್ಟೆ ಎತ್ತದೆ, ಪಕ್ಕದಿಂದ ಒತ್ತಿ ಹಿಡಿದರೆ ಇಡೀ ಮೊಟ್ಟೆ ಒಳಗಿನಿಂದ ಬೆಳಗುತ್ತದೆ. ಮೊದಲ ವಾರ ಕಳೆದ ಮೇಲೆ ನೋಡಿ. ಒಳ್ಳೆಯ ಮೊಟ್ಟೆಯಾದರೆ ನಸುಗೆಂಪು ಬೆಳಕು, ಅದರಲ್ಲಿ ಅರಳಿ ಎಲೆಯ ನರಗಳಂತೆ ಕೆಂಪು ರಕ್ತನಾಳಗಳು. ಜೊಳ್ಳು ಮೊಟ್ಟೆಯಾದರೆ ಬರೀ ಹಳದಿ, ಒಂದು ಗೆರೆಯೂ ಇಲ್ಲ. ಇನ್ನೊಂದೆರಡು ವಾರ ಬಿಟ್ಟು ನೋಡಿದಾಗ ಸಣ್ಣ ಕಪ್ಪು ಸುರುಳಿ ಕಾಣುತ್ತದೆ. ಕೆಲವೊಮ್ಮೆ ಬೆಳಕು ತಾಗಿದ ಕೂಡಲೇ ಅದು ಮಿಸುಕುತ್ತದೆ. ಅದನ್ನು ನೋಡಿದವರು ಇನ್ನೊಮ್ಮೆ, ಇನ್ನೊಮ್ಮೆ ಅಂತಾರೆ. ಬೇಡ ಅನ್ನುವುದೇ ಕಷ್ಟ.

ಟಾರ್ಚಿಗೂ ಮಿತಿ ಇದೆ. ಕೊನೆಯ ವಾರಗಳಲ್ಲಿ ಮರಿ ಮೊಟ್ಟೆ ತುಂಬಿಕೊಳ್ಳುತ್ತದೆ. ಆಗ ಬೆಳಕು ದಾಟುವುದೇ ಇಲ್ಲ, ಪೂರ್ತಿ ಕಪ್ಪು. ಬದುಕಿರುವ ಮರಿಯೂ ಕಪ್ಪು, ಸತ್ತದ್ದೂ ಕಪ್ಪು. ಇನ್ನೊಂದು, ಕೇರೆ ಮತ್ತು ನಾಗರನ ಮೊಟ್ಟೆಗಳು ಒಂದಕ್ಕೊಂದು ಅಂಟಿ ಗುಡ್ಡೆಯಾಗಿರುತ್ತವೆ. ಹೊರಗಿನವು ಮಾತ್ರ ಕಾಣುತ್ತವೆ, ನಡುವಿನವು ದೇವರಿಗೇ ಗೊತ್ತು. ಬಿಡಿಸಲು ಹೋದರೆ ಚಿಪ್ಪು ಹರಿಯುತ್ತದೆ. ಅದು ಚರ್ಮದಂಥ ಮೆತ್ತನೆ ಚಿಪ್ಪು ಅಲ್ವಾ.

ಆಗ ಕೈಹಿಡಿಯುವುದು ಬರಿಗಣ್ಣು ಮತ್ತು ಮೂಗು. ಒಳ್ಳೆಯ ಮೊಟ್ಟೆ ಬಿಳಿಯಾಗಿ, ಬಿಗಿಯಾಗಿ ಇರುತ್ತದೆ. ನಡುವಿನ ದಿನಗಳಲ್ಲಿ ಗುಳಿ ಬಿದ್ದರೆ ತೇವ ಕಡಿಮೆ ಅಂತ ಅರ್ಥ. ಅದೇ ಗುಳಿ ಕೊನೆಯ ಒಂದೆರಡು ವಾರದಲ್ಲಿ ಬಿದ್ದರೆ ಗಾಬರಿ ಬೇಡ, ಮರಿ ಹೊರಬರುವ ಮುಂಚೆ ಮೊಟ್ಟೆ ಕುಗ್ಗುವುದು ಮಾಮೂಲು. ಹಾಗಾಗಿ ಮೊಟ್ಟೆ ಸಿಕ್ಕ ತಾರೀಕನ್ನು ಡಬ್ಬಿಯ ಮೇಲೆ ಬರೆದಿರಬೇಕು. ಬೂಷ್ಟು ಕಂಡ ತಕ್ಷಣ ಎಸೆಯುವವರನ್ನೂ ಕಂಡಿದ್ದೇನೆ. ಮೇಲೆ ಬೂಷ್ಟು ಹಿಡಿದ ಮೊಟ್ಟೆಯಿಂದಲೂ ಚೆಂದದ ಮರಿ ಬಂದದ್ದುಂಟು. ಕಂದು ಬಣ್ಣಕ್ಕೆ ತಿರುಗಿ, ಒಳಗಿನದು ಒಸರಿ, ಕೆಟ್ಟ ವಾಸನೆ ಬಂದು, ಸಣ್ಣ ನೊಣ ಮುತ್ತಿದರೆ ಮಾತ್ರ ಅದರ ಕಥೆ ಮುಗಿದಂತೆ.

ತಕ್ಕಡಿ ಬಗ್ಗೆ ನನಗೆ ಮೊದಲು ನಂಬಿಕೆ ಇರಲಿಲ್ಲ. ಹಕ್ಕಿ ಮೊಟ್ಟೆ ಕಾವಿನಲ್ಲಿ ತೂಕ ಕಳೆದುಕೊಳ್ಳುತ್ತದೆ. ಹಾವಿನದು ಉಲ್ಟಾ, ಸುತ್ತಲಿನ ನೀರು ಹೀರಿ ತೂಕ ಏರುತ್ತದೆ. ಏರುತ್ತಿದ್ದರೆ ಒಳ್ಳೆಯ ಸೂಚನೆ. ಆದರೆ ಪ್ರತಿ ಮೊಟ್ಟೆಯನ್ನೂ ಎತ್ತಿ ತೂಗುವುದು ನನಗೆ ಸರಿ ಕಾಣಲಿಲ್ಲ. ಅದರ ಬದಲು ಇಡೀ ಡಬ್ಬಿಯನ್ನೇ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಡುವುದು ಶುರು ಮಾಡಿದೆವು. ಡಬ್ಬಿಯ ತೂಕ ಎಷ್ಟು ಇಳಿಯಿತೋ ಅಷ್ಟು ನೀರು ಆರಿಹೋಗಿದೆ. ಅಷ್ಟನ್ನೇ ಮೊಟ್ಟೆಗೆ ತಾಗದಂತೆ ಅಂಚಿನಲ್ಲಿ ಹಾಕಿದರೆ ಆಯಿತು. ಮರಿ ಇದೆಯೋ ಇಲ್ಲವೋ ಅಂತ ಇದು ಹೇಳುವುದಿಲ್ಲ. ಆದರೂ ಟಾರ್ಚ್ ಬಿಟ್ಟರೆ ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಎದೆಬಡಿತ ತೋರಿಸುವ ಯಂತ್ರವೂ ಇದೆ. ಹಕ್ಕಿ ಮೊಟ್ಟೆಗಾಗಿ ಮಾಡಿದ್ದು. ಕಣ್ಣಿಗೆ ಕಾಣದ ಬೆಳಕು ಹಾಯಿಸಿ ಬಡಿತ ಹಿಡಿಯುತ್ತದೆ. ಗಿಳಿ ಸಾಕುವ ಗೆಳೆಯರೊಬ್ಬರ ಹತ್ತಿರ ಕೇಳಿ ತಂದು ನೋಡಿದೆವು. ಟಾರ್ಚಿಗೆ ಏನೂ ಕಾಣದ ಕೊನೆಯ ದಿನಗಳಲ್ಲಿ ಇದು ಬಡಿತ ತೋರಿಸಿತು, ನಿಜ. ಆದರೆ ಒಂಟಿ ಮೊಟ್ಟೆಯನ್ನು ಅದರೊಳಗೆ ಇಡಬೇಕು, ಗುಡ್ಡೆಗೆ ಆಗುವುದಿಲ್ಲ. ಮರಿ ಮಿಸುಕಿದರೂ ಯಂತ್ರ ತೋರಿಸುವ ಅಂಕಿ ಏರುಪೇರು. ಬೆಲೆ ನೋಡಿದರೆ ನಮ್ಮಂಥವರಿಗೆ ಅಲ್ಲ. ಇರುವ ದುಡ್ಡಿಗೆ ಒಳ್ಳೆಯ ಥರ್ಮಾಮೀಟರ್ ಕೊಳ್ಳಿ. ಕಾವು 28ರಿಂದ 30 ಡಿಗ್ರಿ ಆಸುಪಾಸು ನಿಂತರೆ ಅರ್ಧ ಚಿಂತೆ ಇಳಿದಂತೆ. ಆಗುಂಬೆಯಲ್ಲಿ ಕಾಳಿಂಗ ಸರ್ಪದ ತರಗೆಲೆ ಗೂಡನ್ನು ಅಧ್ಯಯನ ಮಾಡುವವರೂ ಗೂಡನ್ನು ಇದ್ದಲ್ಲೇ ಬಿಟ್ಟು ಅದರ ಶಾಖ, ತೇವ ಅಳೆಯುತ್ತಾರೆ.

ಕತ್ತರಿ ಕೊನೆಯದು. ಹೊರದೇಶಗಳಲ್ಲಿ ಹೆಬ್ಬಾವು ಸಾಕಿ ಮಾರುವವರು ದಿನ ತುಂಬಿದ ಮೊಟ್ಟೆಯ ನೆತ್ತಿಯನ್ನು ಸಣ್ಣಗೆ ಕತ್ತರಿಸಿ ಇಣುಕುತ್ತಾರೆ. ವಿಡಿಯೋ ನೋಡಿ ನಮ್ಮ ಹುಡುಗರಿಗೂ ಆಸೆ. ಕೇರೆಯ ಒಂದು ಗುಡ್ಡೆಯಲ್ಲಿ ಬೇರೆಲ್ಲ ಮರಿಗಳು ಬಂದು, ಎರಡು ಮೊಟ್ಟೆ ಹಾಗೇ ಉಳಿದಾಗ ಕತ್ತರಿಸಿದೆವು. ಒಂದರಲ್ಲಿ ಮರಿ ಮೊದಲೇ ಸತ್ತಿತ್ತು. ಇನ್ನೊಂದರಲ್ಲಿ ಜೀವ ಇತ್ತು, ಆದರೆ ಮರಿಗೆ ಆಹಾರವಾಗುವ ಮೊಟ್ಟೆಯ ಹಳದಿ ಭಾಗ ಇನ್ನೂ ಅದರ ಹೊಟ್ಟೆಯೊಳಗೆ ಸೇರಿರಲಿಲ್ಲ. ಅದನ್ನು ಮುಟ್ಟದೆ ಮುಚ್ಚಿಟ್ಟೆವು, ಒಂದೂವರೆ ದಿನದ ಮೇಲೆ ತಾನೇ ಹೊರಬಂತು. ಕತ್ತರಿಸದಿದ್ದರೂ ಬರುತ್ತಿತ್ತು ಅಂತ ನನ್ನ ಲೆಕ್ಕ. ಮರಿಯ ಮೂತಿಯಲ್ಲಿ ಚಿಪ್ಪು ಸೀಳಲೆಂದೇ ಒಂದು ಪುಟ್ಟ ಹಲ್ಲಿರುತ್ತದೆ. ಸೀಳಿದ ಮೇಲೂ ತಲೆ ಹೊರಗಿಟ್ಟು ಒಂದೆರಡು ದಿನ ಒಳಗೇ ಕೂರುವುದು ಸಹಜ. ಆಗ ಎಳೆಯಲು ಹೋಗಬೇಡಿ. ನಾಗರನ ಮೊಟ್ಟೆಯಾದರೆ ಡಬ್ಬಿಯ ಮುಚ್ಚಳಕ್ಕೆ ಕ್ಲಿಪ್ ಹಾಕಿರಿ, ಬರಿಗೈ ಹಾಕಬೇಡಿ. ಆ ಮರಿಗೆ ಹುಟ್ಟಿದಾಗಲೇ ವಿಷ ಇರುತ್ತದೆ.