ಎಪ್ಸನ್ ವಿ600: ಪ್ರಿಂಟ್‌ಗೆ ಗಟ್ಟಿ, 120 ಫಿಲ್ಮ್‌ಗೆ ಒಳ್ಳೆಯದು, 35 ಎಂಎಂಗೆ ಅಷ್ಟಕ್ಕಷ್ಟೆ

ಹಳೆಯ ಆಲ್ಬಮ್, ಸ್ಲೈಡ್ ಡಬ್ಬಿ, ನೆಗೆಟಿವ್ ಕವರು, ಮೂರನ್ನೂ ಒಂದೇ ಯಂತ್ರದಲ್ಲಿ ಕಂಪ್ಯೂಟರಿಗೆ ಇಳಿಸಬೇಕು ಎನ್ನುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಎಪ್ಸನ್ ಪರ್ಫೆಕ್ಷನ್ ವಿ600 ಫೋಟೋ. 2009ರಲ್ಲಿ ಬಂದ ಈ ಫ್ಲಾಟ್‌ಬೆಡ್ ಸ್ಕ್ಯಾನರ್‌ಗೆ ಇವತ್ತಿಗೂ ಬೇಡಿಕೆ ಇದೆ. ಡಬ್ಬದ ಮೇಲೆ ದೊಡ್ಡದಾಗಿ 6400 ಡಿಪಿಐ ಎಂದಿದೆ. ಆ ಅಂಕಿಯನ್ನು ನೆಚ್ಚಿ ಕೊಂಡವರಿಗೆ ನಿರಾಶೆ ಖಚಿತ. ಆದರೆ ತಮ್ಮ ಬಳಿ ಇರುವುದು ಯಾವ ಬಗೆಯ ಫಿಲ್ಮ್, ಎಷ್ಟು ಪ್ರಿಂಟ್ ಎಂದು ಮೊದಲು ಎಣಿಸಿಕೊಂಡವರಿಗೆ ಇದು ನಿಜವಾಗಿಯೂ ಉಪಯೋಗಕ್ಕೆ ಬರುವ ಯಂತ್ರ.

ಮೊದಲು ಆ 6400ರ ಲೆಕ್ಕ ಮುಗಿಸಿಬಿಡೋಣ. ಒಂದು ಇಂಚಿನಲ್ಲಿ ಸೆನ್ಸರ್ ಎಷ್ಟು ಕಡೆ ಓದುತ್ತದೆ ಎಂಬುದನ್ನಷ್ಟೇ ಆ ಅಂಕಿ ಹೇಳುತ್ತದೆ. ಅಷ್ಟು ಸೂಕ್ಷ್ಮ ಗೆರೆಗಳನ್ನು ಒಳಗಿನ ಲೆನ್ಸ್ ಬಿಡಿಸಿ ತೋರಿಸುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಪರೀಕ್ಷಾ ಚಾರ್ಟ್ ಇಟ್ಟು ಅಳೆದರೆ ವಿ600 ನಿಜವಾಗಿ ಬಿಡಿಸುವುದು ಸುಮಾರು 1500ರಿಂದ 1600 ಡಿಪಿಐ ಮಾತ್ರ. 24×36 ಮಿಲಿಮೀಟರ್‌ನ ಒಂದು 35 ಎಂಎಂ ಫ್ರೇಮನ್ನು 6400ರಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 55 ಮೆಗಾಪಿಕ್ಸೆಲ್‌ನ ಫೈಲ್ ಬರುತ್ತದೆ; 48 ಬಿಟ್ ಟಿಫ್ (ವಿವರ ಕಳೆಯದೆ ಉಳಿಸುವ ಫೈಲ್ ಬಗೆ) ಆಗಿ ಉಳಿಸಿದರೆ 330 ಎಂಬಿ ತೂಗುತ್ತದೆ. ಅದರೊಳಗಿನ ನಿಜವಾದ ವಿವರ ಮಾತ್ರ ಮೂರೂವರೆ ಮೆಗಾಪಿಕ್ಸೆಲ್‌ಗಿಂತ ಹೆಚ್ಚಿಲ್ಲ. ಅದೇ ಫ್ರೇಮ್ 2400 ಡಿಪಿಐನಲ್ಲಿ 7.7 ಮೆಗಾಪಿಕ್ಸೆಲ್, 46 ಎಂಬಿ. ಕಣ್ಣಿಗೆ ಕಾಣುವ ವಿವರದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಹಾಗಾಗಿ 35 ಎಂಎಂಗೆ 2400, ಬಹಳ ಮುಖ್ಯವಾದ ಫ್ರೇಮ್‌ಗೆ 3200. ಅದರಾಚೆಗೆ ಹೋದರೆ ಸಮಯ ದಂಡ, ಡಿಸ್ಕ್ ದಂಡ.

120 ಫಿಲ್ಮ್‌ಗೆ, ಅಂದರೆ 35 ಎಂಎಂಗಿಂತ ಅಗಲವಾದ ರೋಲ್ ಫಿಲ್ಮ್‌ಗೆ ಬಂದರೆ ಚಿತ್ರವೇ ಬದಲಾಗುತ್ತದೆ. ಅದರಲ್ಲಿ 6×6 ಎಂದು ಕರೆಯುವ ಚೌಕ ಫ್ರೇಮಿನ ಒಂದು ಬದಿ 56 ಮಿಲಿಮೀಟರ್. ಲೆನ್ಸ್ ಅದೇ 1500 ಬಿಡಿಸಿದರೂ ಸುಮಾರು 11 ಮೆಗಾಪಿಕ್ಸೆಲ್ ನಿಜ ವಿವರ ಕೈಗೆ ಸಿಗುತ್ತದೆ. ಹಳೆಯ ಬಾಕ್ಸ್ ಕ್ಯಾಮೆರಾ, ಟ್ವಿನ್ ಲೆನ್ಸ್ ಕ್ಯಾಮೆರಾಗಳಲ್ಲಿ ತೆಗೆದ ದೊಡ್ಡ ನೆಗೆಟಿವ್‌ಗಳು ಮನೆಯಲ್ಲಿದ್ದರೆ ಈ ಸ್ಕ್ಯಾನರ್ ಅವಕ್ಕಾಗಿಯೇ ಮಾಡಿದಂತಿದೆ.

ಪ್ರಿಂಟ್‌ಗಳು

ವಿ600ರ ಅತ್ಯಂತ ಗಟ್ಟಿ ಕೆಲಸ ಇದೇ. ಒಳಗಿರುವುದು ಲೆನ್ಸ್ ಸಹಿತ ಸಿಸಿಡಿ ಸೆನ್ಸರ್. ತೆಳ್ಳಗಿನ ಅಗ್ಗದ ಸ್ಕ್ಯಾನರ್‌ಗಳಲ್ಲಿರುವ ಸಿಐಎಸ್ ಸೆನ್ಸರ್‌ಗೆ ಗಾಜಿಗೆ ಅಂಟಿಕೊಂಡಿದ್ದದ್ದು ಮಾತ್ರ ಚೂಪಾಗಿ ಕಾಣುತ್ತದೆ. ಸುರುಳಿಯಾದ ಫೋಟೋ, ದಪ್ಪ ರಟ್ಟಿಗೆ ಅಂಟಿಸಿ ಬಾಗಿದ ಫೋಟೋ ಅದರಲ್ಲಿ ಮಸುಕಾಗುತ್ತದೆ. ಸಿಸಿಡಿಯಲ್ಲಿ ಕೆಲವು ಮಿಲಿಮೀಟರ್ ಎದ್ದಿದ್ದರೂ ನಡೆಯುತ್ತದೆ. ಆದ್ದರಿಂದ ಹಳೆಯ ಪ್ರಿಂಟನ್ನು ಮುಚ್ಚಳದ ಭಾರದಿಂದ ಒತ್ತಿ ಚಪ್ಪಟೆ ಮಾಡಲು ಹೋಗಬೇಡಿ. ಒಣಗಿ ಬಿರುಸಾದ ಎಮಲ್ಷನ್ (ಚಿತ್ರ ಮೂಡಿರುವ ಮೇಲ್ಪದರ) ಒತ್ತಿದರೆ ಬಿರುಕು ಬಿಡುತ್ತದೆ, ಬಿಟ್ಟ ಬಿರುಕು ಮತ್ತೆ ಕೂಡುವುದಿಲ್ಲ.

4×6 ಇಂಚಿನ ಪ್ರಿಂಟ್‌ಗೆ 600 ಡಿಪಿಐ ಸಾಕು. ಅದು 2400×3600 ಪಿಕ್ಸೆಲ್ ಕೊಡುತ್ತದೆ, 24 ಬಿಟ್ ಟಿಫ್ ಸುಮಾರು 26 ಎಂಬಿ. ಸಾಧಾರಣ ಲ್ಯಾಬ್ ಪ್ರಿಂಟ್‌ನಲ್ಲಿ 300 ಡಿಪಿಐ ಮೀರಿದ ವಿವರ ಇರುವುದೇ ಕಡಿಮೆ. ಪಾಸ್‌ಪೋರ್ಟ್ ಅಳತೆಯ ಫೋಟೋ, ಚಿಕ್ಕ ಕಾಂಟ್ಯಾಕ್ಟ್ ಪ್ರಿಂಟ್‌ಗಳಿಗೆ ಮಾತ್ರ 1200. ಕಾಂಟ್ಯಾಕ್ಟ್ ಪ್ರಿಂಟ್ ನೆಗೆಟಿವ್‌ನಿಂದ ನೇರವಾಗಿ ಒತ್ತಿದ್ದಾದ್ದರಿಂದ ಅದರಲ್ಲಿ ಅಚ್ಚರಿಪಡುವಷ್ಟು ವಿವರ ಅಡಗಿರುತ್ತದೆ. ಕಪ್ಪು ಬಿಳುಪು ಪ್ರಿಂಟ್‌ಗಳನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಹಳದಿ ಕಲೆ, ಶಾಯಿಯ ಗುರುತು ಇದ್ದರೆ ಮೂರು ಬಣ್ಣದ ಚಾನೆಲ್‌ಗಳಲ್ಲಿ ಯಾವುದರಲ್ಲಿ ಕಲೆ ಕಡಿಮೆ ಕಾಣುತ್ತದೋ ಅದನ್ನೇ ಉಳಿಸಿಕೊಂಡು ಕಪ್ಪು ಬಿಳುಪು ಮಾಡಬಹುದು. ಹಳದಿ ಕಲೆಗೆ ಹೆಚ್ಚಾಗಿ ಕೆಂಪು ಚಾನೆಲ್ ಕೆಲಸಕ್ಕೆ ಬರುತ್ತದೆ.

ಹಿಂಬದಿಯ ಬರಹ ತೆಳು ಕಾಗದದ ಮೂಲಕ ಮೇಲೆ ಕಾಣುತ್ತಿದ್ದರೆ ಫೋಟೋದ ಬೆನ್ನಿಗೆ ಕಪ್ಪು ಕಾಗದ ಇಡಿ. ಮುಚ್ಚಳದ ಬಿಳಿ ಹಲಗೆಯಿಂದ ಬೆಳಕು ವಾಪಸಾಗುವುದೇ ಇದಕ್ಕೆ ಕಾರಣ. ಆ ಬರಹವನ್ನೂ ಬೇರೆ ಫೈಲಾಗಿ ಸ್ಕ್ಯಾನ್ ಮಾಡಿಡುವುದು ಮರೆಯಬೇಡಿ, ಹೆಸರು ತಾರೀಖು ಇರುವುದು ಅಲ್ಲೇ.

ತೊಂದರೆ ಕೊಡುವುದು ಜೇನುಗೂಡಿನಂಥ ಉಬ್ಬು ನೇಯ್ಗೆಯ ಕಾಗದದ ಪ್ರಿಂಟ್‌ಗಳು. ಸ್ಕ್ಯಾನರ್ ಬೆಳಕು ಒಂದೇ ದಿಕ್ಕಿನಿಂದ ಓರೆಯಾಗಿ ಬೀಳುವುದರಿಂದ ಒಂದೊಂದು ಉಬ್ಬೂ ಒಂದೊಂದು ಬಿಳಿ ಚುಕ್ಕೆಯಾಗುತ್ತದೆ. ಪರಿಹಾರ ಹೀಗಿದೆ: ಒಮ್ಮೆ ಸ್ಕ್ಯಾನ್ ಮಾಡಿ, ಫೋಟೋವನ್ನು 180 ಡಿಗ್ರಿ ತಿರುಗಿಸಿಟ್ಟು ಇನ್ನೊಮ್ಮೆ ಮಾಡಿ, ಎರಡನೆಯದನ್ನು ಎಡಿಟರ್‌ನಲ್ಲಿ ವಾಪಸು ತಿರುಗಿಸಿ ಮೊದಲಿನದರ ಮೇಲೆ ಕರಾರುವಾಕ್ಕಾಗಿ ಕೂರಿಸಿ, ಮೇಲಿನ ಲೇಯರ್‌ನ ಒಪಾಸಿಟಿಯನ್ನು 50 ಶೇಕಡಾಕ್ಕೆ ಇಳಿಸಿ. ಚುಕ್ಕೆಗಳ ಅಬ್ಬರ ಗಣನೀಯವಾಗಿ ತಗ್ಗುತ್ತದೆ. ಮಸುಕು ಮಾಡುವ ಫಿಲ್ಟರ್‌ಗಿಂತ ಇದು ಎಷ್ಟೋ ಮೇಲು, ಮುಖದ ವಿವರ ಉಳಿಯುತ್ತದೆ.

ಚೌಕಟ್ಟಿನ ಗಾಜಿಗೆ ಅಂಟಿಹೋದ ಫೋಟೋವನ್ನು ಕೀಳಬೇಡಿ. ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಸಿಸಿಡಿಯ ಆಳ ಇಲ್ಲಿ ಮತ್ತೆ ಕೈಹಿಡಿಯುತ್ತದೆ.

ಫಿಲ್ಮ್ ಇಡುವ ಬಗೆ

ಫಿಲ್ಮ್‌ಗೆ ಬೆಳಕು ಮುಚ್ಚಳದಿಂದ ಬರುತ್ತದೆ. ಅದಕ್ಕೆ ಮುಚ್ಚಳದೊಳಗಿನ ಬಿಳಿ ಹಲಗೆಯನ್ನು ಜಾರಿಸಿ ತೆಗೆಯಬೇಕು, ಮುಚ್ಚಳದ ಕೇಬಲ್ ಹಿಂದೆ ಸಿಕ್ಕಿಸಿರಬೇಕು. ಹೋಲ್ಡರ್‌ಗಳಲ್ಲಿ 35 ಎಂಎಂ ಪಟ್ಟಿಯ 12 ಫ್ರೇಮ್, ಇಲ್ಲವೇ 4 ಸ್ಲೈಡ್, ಇಲ್ಲವೇ ಒಂದು 120 ಪಟ್ಟಿ ಒಂದು ಸಲಕ್ಕೆ ಹಿಡಿಸುತ್ತದೆ. ಬೆಳಕು ಬೀಳುವ ಜಾಗದ ಅಗಲ 68 ಮಿಲಿಮೀಟರ್ ಚಿಲ್ಲರೆ ಅಷ್ಟೇ, ಹಾಗಾಗಿ 4×5 ಇಂಚಿನ ಶೀಟ್ ಫಿಲ್ಮ್, ದೊಡ್ಡ ಗಾಜಿನ ನೆಗೆಟಿವ್ ಇದರಲ್ಲಿ ಆಗದು. ಅದಕ್ಕೆ ವಿ850ರಂಥ ಮೇಲಿನ ಮಾದರಿಯೇ ಬೇಕು.

ಹೊಳೆಯುವ ಬದಿ ಕೆಳಗೆ, ಮಂಕು ಬದಿ ಮೇಲೆ ಬರುವಂತೆ ಇಡಿ. ಮೇಲಿನಿಂದ ನೋಡಿದಾಗ ಅಂಚಿನ ಅಕ್ಷರಗಳು ತಿರುಗುಮುರುಗಾಗಿ ಕಂಡರೆ ಸರಿಯಾಗಿದೆ ಎಂದರ್ಥ. ಹೋಲ್ಡರ್‌ನ ತುದಿಯಲ್ಲಿ ಒಂದು ಖಾಲಿ ಕಿಂಡಿ ಇದೆ. ಸ್ಕ್ಯಾನರ್ ಪ್ರತಿ ಸಲವೂ ತನ್ನ ಬೆಳಕನ್ನು ಅಳೆದುಕೊಳ್ಳುವುದು ಆ ಕಿಂಡಿಯ ಮೂಲಕ. ಅಲ್ಲಿ ಒಂದು ಧೂಳಿನ ಕಣ ಕೂತರೂ ಚಿತ್ರದ ಉದ್ದಕ್ಕೂ ನೇರವಾದ ಗೆರೆ ಬೀಳುತ್ತದೆ. ಗೆರೆ ಬಿತ್ತೆಂದು ಫಿಲ್ಮ್ ಒರೆಸುತ್ತಾ ಕೂರುವವರೇ ಹೆಚ್ಚು. ಫಿಲ್ಮ್ ಅಲ್ಲ, ಆ ಕಿಂಡಿಯ ಕೆಳಗಿನ ಗಾಜು ಒರೆಸಿ.

ಹೋಲ್ಡರ್‌ಗಳೇ ಈ ಯಂತ್ರದ ದುರ್ಬಲ ಭಾಗ. ತೆಳು ಪ್ಲಾಸ್ಟಿಕ್, ಸಡಿಲ ಮುಚ್ಚಳ, ಎತ್ತರ ಹೊಂದಿಸುವ ವ್ಯವಸ್ಥೆ ಇಲ್ಲ. ಲೆನ್ಸ್‌ನ ಫೋಕಸ್ ಒಂದು ನಿಗದಿತ ಎತ್ತರಕ್ಕೆ ಇರುತ್ತದೆ, ಆ ಎತ್ತರ ಒಂದು ಯಂತ್ರಕ್ಕೂ ಇನ್ನೊಂದಕ್ಕೂ ಸ್ವಲ್ಪ ವ್ಯತ್ಯಾಸವಾಗುವುದುಂಟು. ಚೂಪು ಸಾಲದು ಎನಿಸಿದರೆ ಒಂದೇ ನೆಗೆಟಿವನ್ನು 3200 ಡಿಪಿಐನಲ್ಲಿ, ಶಾರ್ಪನಿಂಗ್ ಪೂರ್ತಿ ಆರಿಸಿ, ಹಲವು ಎತ್ತರಗಳಲ್ಲಿ ಸ್ಕ್ಯಾನ್ ಮಾಡಿ: ಹೋಲ್ಡರ್ ಇದ್ದ ಹಾಗೇ ಒಮ್ಮೆ, ಅದರ ಅಂಚಿನ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ತುಂಡು ಇಟ್ಟು ಒಮ್ಮೆ, ಎರಡು ತುಂಡು, ಮೂರು ತುಂಡು. ಕೊನೆಗೆ ಮಂಕು ಬದಿ ಕೆಳಗಾಗಿ ಗಾಜಿನ ಮೇಲೇ ಇಟ್ಟು ಒಮ್ಮೆ. ಇದರ ಚಿತ್ರವನ್ನು ಆಮೇಲೆ ಅಡ್ಡಡ್ಡ ಮಗುಚಬೇಕು. ಎಲ್ಲವನ್ನೂ 100 ಶೇಕಡಾದಲ್ಲಿ ತೆರೆದು ಕಣ್ಣಿನ ರೆಪ್ಪೆ, ಸೀರೆಯ ಅಂಚು, ಹೆಸರಿನ ಹಲಗೆ ಇಂಥ ಕಡೆ ಹೋಲಿಸಿ. ಯಾವ ಎತ್ತರ ಗೆದ್ದಿತೋ ಅಷ್ಟು ತುಂಡುಗಳನ್ನು ಹೋಲ್ಡರ್‌ಗೆ ಅಂಟಿಸಿಬಿಡಿ. ದುಡ್ಡು ಖರ್ಚಿಲ್ಲದೆ ಸಿಗುವ ಅತಿ ದೊಡ್ಡ ಸುಧಾರಣೆ ಇದು, ಸಾಫ್ಟ್‌ವೇರ್ ಬದಲಿಸುವ ಮೊದಲು ಇದನ್ನೇ ಮಾಡಬೇಕು.

ಬಾಗಿದ ಫಿಲ್ಮ್ ಇನ್ನೊಂದು ಕಾಟ. ನಡುಭಾಗ ಇಳಿಬಿದ್ದು ಗಾಜಿಗೆ ತಾಗಿದರೆ ಕಾಮನಬಿಲ್ಲಿನ ಬಣ್ಣದ ಉಂಗುರಗಳು ಮೂಡುತ್ತವೆ. ಇವೇ ನ್ಯೂಟನ್ ಉಂಗುರ. ಎರಡು ನುಣುಪಾದ ಮೇಲ್ಮೈಗಳ ನಡುವಿನ ಅತಿ ತೆಳು ಗಾಳಿಯ ಪದರದಲ್ಲಿ ಬೆಳಕು ಹೀಗೆ ಆಡುತ್ತದೆ. ಎಮಲ್ಷನ್ ಬದಿ ಒರಟಾಗಿರುವುದರಿಂದ ಅಲ್ಲಿ ಮೂಡುವುದು ಅಪರೂಪ. ಫಿಲ್ಮನ್ನು ಅದರ ಕವರಿನಲ್ಲಿಟ್ಟು ದಪ್ಪ ಪುಸ್ತಕಗಳ ಅಡಿಯಲ್ಲಿ ಕೆಲವು ದಿನ ಬಿಡುವುದು ಮೊದಲ ಉಪಾಯ. ಅದಕ್ಕೂ ಬಗ್ಗದಿದ್ದರೆ ಆಂಟಿ ನ್ಯೂಟನ್ ಗಾಜಿನ (ಈ ಉಂಗುರ ಮೂಡದಂತೆ ಮೇಲ್ಮೈಯನ್ನು ಸ್ವಲ್ಪ ಒರಟಾಗಿಸಿದ ಗಾಜು) ತುಂಡನ್ನು ಮೇಲೆ ಇಡಬೇಕು. ಮಾಮೂಲಿ ಗಾಜು ಇಟ್ಟರೆ ಉಂಗುರ ಇನ್ನೂ ಹೆಚ್ಚಾದೀತು.

ಡಬ್ಬಿ ತೆರೆದ ಕೂಡಲೇ ವಿನೆಗರ್‌ನ ಹುಳಿ ವಾಸನೆ ಮೂಗಿಗೆ ಬಡಿದರೆ ಆ ಫಿಲ್ಮ್‌ನ ಅಸಿಟೇಟ್ ತಳ ಕೊಳೆಯುತ್ತಿದೆ ಎಂದು ತಿಳಿಯಿರಿ. ಅದನ್ನು ಉಳಿದವುಗಳಿಂದ ದೂರವಿಟ್ಟು ಸರದಿಯಲ್ಲಿ ಮೊದಲು ಸ್ಕ್ಯಾನ್ ಮಾಡಿ. ಅದು ಕಾಯುವ ಸ್ಥಿತಿಯಲ್ಲಿಲ್ಲ.

ಡಿಜಿಟಲ್ ಐಸ್

ಧೂಳು, ಗೀರುಗಳನ್ನು ತಾನಾಗಿಯೇ ಅಳಿಸುವ ಸೌಲಭ್ಯ ಇದು. ಬಣ್ಣದ ಫಿಲ್ಮ್ ತುಂಬಾ ಇರುವವರು ಈ ಯಂತ್ರ ಕೊಳ್ಳಲು ಇದೊಂದೇ ಕಾರಣ ಸಾಕು. ಮಾಮೂಲಿ ಸ್ಕ್ಯಾನ್ ಜೊತೆಗೆ ಇನ್‌ಫ್ರಾರೆಡ್ ಬೆಳಕಿನಲ್ಲೂ ಒಂದು ಸ್ಕ್ಯಾನ್ ನಡೆಯುತ್ತದೆ. ಬಣ್ಣದ ಡೈಗಳು ಇನ್‌ಫ್ರಾರೆಡ್ಡನ್ನು ಹಾಯಲು ಬಿಡುತ್ತವೆ, ಧೂಳು ಮತ್ತು ಗೀರು ತಡೆಯುತ್ತವೆ. ಹಾಗಾಗಿ ಕೊಳೆ ಎಲ್ಲಿದೆ ಎಂಬ ನಕ್ಷೆ ಸಿಕ್ಕಿ, ಅಷ್ಟು ಜಾಗವನ್ನು ಮಾತ್ರ ಸುತ್ತಲಿನ ಬಣ್ಣದಿಂದ ತುಂಬಲಾಗುತ್ತದೆ. ಒಂದೊಂದು ಫ್ರೇಮ್‌ನ ಸಮಯ ದುಪ್ಪಟ್ಟಿಗೂ ಹೆಚ್ಚಾಗುತ್ತದೆ ನಿಜ. ಆದರೆ ಕೈಯಿಂದ ಚುಕ್ಕೆ ಅಳಿಸುವ ಶ್ರಮದ ಮುಂದೆ ಅದೇನೂ ಅಲ್ಲ.

ಕಪ್ಪು ಬಿಳುಪು ಫಿಲ್ಮ್‌ನಲ್ಲಿ ಚಿತ್ರ ಇರುವುದೇ ಬೆಳ್ಳಿಯ ಕಣಗಳಲ್ಲಿ. ಬೆಳ್ಳಿ ಇನ್‌ಫ್ರಾರೆಡ್ಡನ್ನೂ ತಡೆಯುವುದರಿಂದ ಐಸ್ ಇಡೀ ಚಿತ್ರವನ್ನೇ ಧೂಳು ಎಂದು ಭಾವಿಸಿ ಹಾಳುಗೆಡವುತ್ತದೆ. ಅಲ್ಲಿ ಆರಿಸಿಬಿಡಿ. ಬಣ್ಣದ ರಾಸಾಯನಿಕದಲ್ಲೇ ತೊಳೆಯುವ ಇಲ್‌ಫರ್ಡ್ ಎಕ್ಸ್‌ಪಿ2ನಂಥ ಕಪ್ಪು ಬಿಳುಪು ಫಿಲ್ಮ್‌ಗೆ ಮಾತ್ರ ಅದು ಸರಿಯಾಗಿ ನಡೆಯುತ್ತದೆ. ಕೊಡಾಕ್ರೋಮ್ ಸ್ಲೈಡ್‌ಗಳಲ್ಲೂ ಎಚ್ಚರ ಬೇಕು. ಅದರ ಸಯಾನ್ ಪದರ ಇನ್‌ಫ್ರಾರೆಡ್ಡನ್ನು ಸ್ವಲ್ಪ ನುಂಗುವುದರಿಂದ ಕಡು ಭಾಗಗಳಲ್ಲಿ, ಗೆರೆಯ ಅಂಚುಗಳಲ್ಲಿ ವಿವರ ಕರಗುತ್ತದೆ. ಪ್ರಿಂಟ್‌ಗಳಿಗೂ ಐಸ್ ಸೌಲಭ್ಯ ಕೊಟ್ಟಿದ್ದಾರೆ, ಅದು ಬೇಡ. ನಿಧಾನ, ಜೊತೆಗೆ ಕೂದಲೆಳೆ, ಕಸೂತಿಗಳನ್ನೇ ಗೀರು ಎಂದುಕೊಳ್ಳುತ್ತದೆ.

ಐಸ್ ಇದೆಯೆಂದು ಸ್ವಚ್ಛತೆ ಬಿಡುವಂತಿಲ್ಲ. ಕೈಗೆ ಹತ್ತಿ ಗ್ಲೌಸ್, ರಬ್ಬರ್ ಬ್ಲೋವರ್, ಸ್ಟ್ಯಾಟಿಕ್ ತೆಗೆಯುವ ಮೆತ್ತನೆ ಬ್ರಷ್ ಇರಲಿ. ಬಾಯಿಂದ ಊದಿದರೆ ಎಂಜಲಿನ ಹನಿ ಎಮಲ್ಷನ್ ಮೇಲೆ ಕಲೆಯಾಗಿ ಉಳಿಯುತ್ತದೆ. ಗಾಜು ಒರೆಸುವಾಗ ದ್ರವವನ್ನು ಬಟ್ಟೆಗೆ ಹಾಕಿ, ಗಾಜಿಗೆ ನೇರ ಸಿಂಪಡಿಸಿದರೆ ಅಂಚಿನಿಂದ ಒಳಗಿಳಿಯುತ್ತದೆ.

ಸೆಟ್ಟಿಂಗ್‌ಗಳು

ಎಪ್ಸನ್‌ನ ಸ್ವಂತ ಸಾಫ್ಟ್‌ವೇರ್ ಎಪ್ಸನ್ ಸ್ಕ್ಯಾನ್ ತೆರೆದ ಕೂಡಲೇ ಪ್ರೊಫೆಷನಲ್ ಮೋಡ್‌ಗೆ ಹೋಗಿ. ಚಿತ್ರವನ್ನು ಚೂಪಾಗಿಸುವ ಅನ್‌ಶಾರ್ಪ್ ಮಾಸ್ಕ್ ತಾನಾಗಿಯೇ ಆನ್ ಇರುತ್ತದೆ, ತೆಗೆಯಿರಿ. ಥಂಬ್‌ನೇಲ್ ಪ್ರಿವ್ಯೂ ಫ್ರೇಮಿನ ಅಂಚುಗಳನ್ನು ಕತ್ತರಿಸುತ್ತದೆ, ಕತ್ತಲೆಯ ಚಿತ್ರವಾದರೆ ಫ್ರೇಮ್ ಎಲ್ಲಿದೆ ಎಂಬುದೇ ಅದಕ್ಕೆ ತಿಳಿಯುವುದಿಲ್ಲ. ಮಾಮೂಲಿ ಪ್ರಿವ್ಯೂ ಆಯ್ದು ಕೈಯಿಂದ ಚೌಕ ಎಳೆಯಿರಿ. ಆಟೋ ಎಕ್ಸ್‌ಪೋಷರ್ ಚಿತ್ರವನ್ನು ಥಳಥಳಿಸುವಂತೆ ಮಾಡಲು ಹೋಗಿ ಬಿಳಿ ಪಂಚೆಯ ಮಡಿಕೆ, ಮೋಡದ ವಿವರಗಳನ್ನು ಕೊಂದುಬಿಡುತ್ತದೆ. ಹಿಸ್ಟೋಗ್ರಾಮ್ (ಚಿತ್ರದ ಕಪ್ಪು ಬಿಳಿ ಹಂಚಿಕೆಯನ್ನು ಗುಡ್ಡದಂತೆ ತೋರಿಸುವ ನಕ್ಷೆ) ತೆರೆದು ಕಪ್ಪು ಬಿಳಿ ಎರಡೂ ತುದಿಗಳನ್ನು ಗುಡ್ಡದ ಆಚೆಗೆ ಸರಿಸಿ. ಬರುವ ಫೈಲ್ ಮಂಕಾಗಿ ಕಾಣುತ್ತದೆ. ಹಾಗೇ ಇರಬೇಕು, ಮೆರುಗು ಆಮೇಲೆ ಕೊಡಬಹುದು. ಬಣ್ಣದ ಫಿಲ್ಮ್‌ಗೆ 48 ಬಿಟ್, ಕಪ್ಪು ಬಿಳುಪು ನೆಗೆಟಿವ್‌ಗೆ 16 ಬಿಟ್ ಗ್ರೇ, ಮೂಲ ಪ್ರತಿ ಟಿಫ್, ಹಂಚಿಕೊಳ್ಳಲು ಜೆಪೆಗ್.

ಬಣ್ಣದ ನೆಗೆಟಿವ್‌ನ ಕಿತ್ತಳೆ ತಳ ಒಂದೊಂದು ಫಿಲ್ಮ್‌ಗೆ ಒಂದೊಂದು ಛಾಯೆಯದ್ದು. ಎಪ್ಸನ್ ಸಾಫ್ಟ್‌ವೇರ್ ಅದನ್ನು ಅಂದಾಜಿನಲ್ಲಿ ಕಳೆಯುತ್ತದೆ, ಚರ್ಮದ ಬಣ್ಣ ಹಲವು ಸಲ ನೀಲಿಗೆ ತಿರುಗುತ್ತದೆ. ನೆಗೆಟಿವ್‌ಗಳೇ ಹೆಚ್ಚಿದ್ದರೆ ವ್ಯೂಸ್ಕ್ಯಾನ್ ಅಥವಾ ಸಿಲ್ವರ್‌ಫಾಸ್ಟ್ ಎಂಬ ಬೇರೆ ಕಂಪನಿಗಳ ಸ್ಕ್ಯಾನ್ ಸಾಫ್ಟ್‌ವೇರ್‌ಗೆ ಹಣ ಕೊಡುವುದು ದಂಡವಲ್ಲ.

ಸ್ಲೈಡ್‌ಗಳ ವಿಚಾರದಲ್ಲಿ ನೇರವಾಗಿ ಹೇಳಿಬಿಡಬೇಕು. ಸ್ಲೈಡ್‌ನ ಕಡು ನೆರಳು ನೆಗೆಟಿವ್‌ಗಿಂತ ಬಹಳ ದಟ್ಟ. ಎಪ್ಸನ್ ಹೇಳಿಕೊಳ್ಳುವ ಡಿಮ್ಯಾಕ್ಸ್ (ಸ್ಕ್ಯಾನರ್ ಓದಬಲ್ಲ ಅತಿ ದಟ್ಟ ಕಪ್ಪಿನ ಅಳತೆ) 3.4, ಸರಿಯಾಗಿ ತೊಳೆದ ಸ್ಲೈಡ್ ಅದನ್ನು ಸುಲಭವಾಗಿ ದಾಟುತ್ತದೆ. ಮರದ ಕೆಳಗೆ ಕೂತವರ ಮುಖ, ಕಪ್ಪು ಕೋಟು, ಸಂಜೆಯ ಬೆಟ್ಟ ಇವೆಲ್ಲ ಚುಕ್ಕೆ ಚುಕ್ಕೆಯ ಗದ್ದಲ ತುಂಬಿದ ಕಪ್ಪಾಗಿ ಬರುತ್ತವೆ. ಪರದೆಯ ಮೇಲೆ ನೋಡಲು, ಯಾವ ಡಬ್ಬಿಯಲ್ಲಿ ಏನಿದೆ ಎಂದು ಪಟ್ಟಿ ಮಾಡಲು ಸಾಕು. ದೊಡ್ಡದಾಗಿ ಮುದ್ರಿಸಲು ಸಾಲದು.

ನಿಮ್ಮಲ್ಲಿರುವುದು ಹೆಚ್ಚಾಗಿ ಪ್ರಿಂಟ್ ಮತ್ತು 120 ಆದರೆ ವಿ600 ಕೊಳ್ಳಿ. ಬರೀ 35 ಎಂಎಂ ಆದರೆ ಕೊಳ್ಳಬೇಡಿ. ಪ್ಲಸ್ಟೆಕ್ ಆಪ್ಟಿಕ್‌ಫಿಲ್ಮ್ 8200ಐನಂಥ ಫಿಲ್ಮ್ ಸ್ಕ್ಯಾನರ್ ಇದರ ಎರಡರಷ್ಟು ವಿವರ ತೆಗೆಯುತ್ತದೆ, ಒಂದೊಂದೇ ಫ್ರೇಮ್ ಕೈಯಿಂದ ತಳ್ಳುವ ತಾಳ್ಮೆ ಇರಬೇಕು ಅಷ್ಟೆ. ಮ್ಯಾಕ್ರೋ ಲೆನ್ಸ್ ಇರುವ ಡಿಜಿಟಲ್ ಕ್ಯಾಮೆರಾ ಆಗಲೇ ಮನೆಯಲ್ಲಿದ್ದರೆ ಸಮನಾದ ಬೆಳಕಿನ ಹಲಗೆ, ಗಟ್ಟಿ ಸ್ಟ್ಯಾಂಡ್ ಸೇರಿಸಿ 35 ಎಂಎಂ ಅನ್ನು ಅದರಲ್ಲೇ ಇನ್ನೂ ಬೇಗ ಮುಗಿಸಬಹುದು, ಐಸ್ ಮಾತ್ರ ಸಿಗದು.

ಸೆಕೆಂಡ್ ಹ್ಯಾಂಡ್ ನೋಡುವವರು ಹೋಲ್ಡರ್‌ಗಳೆಲ್ಲ ಇವೆಯೇ, ಬಿಳಿ ಹಲಗೆ ಮತ್ತು ಪವರ್ ಅಡಾಪ್ಟರ್ ಇದೆಯೇ ಎಂದು ಮೊದಲು ನೋಡಿ. ಗಾಜಿನ ಒಳಬದಿಯಲ್ಲಿ ಮಂಜಿನಂಥ ಪೊರೆ ಕಟ್ಟಿರುವುದು ಹಳೆಯ ಯಂತ್ರಗಳಲ್ಲಿ ಸಾಮಾನ್ಯ. ಟಾರ್ಚನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ, ಚಿತ್ರದಲ್ಲಿ ಕಪ್ಪು ಕಪ್ಪಾಗದೆ ಬೂದು ಬಣ್ಣವಾಗುವುದು ಇದರಿಂದಲೇ. ಆಮೇಲೆ ಫಿಲ್ಮ್ ಇಲ್ಲದ ಖಾಲಿ ಹೋಲ್ಡರ್ ಇಟ್ಟು ಪಾಸಿಟಿವ್ ಫಿಲ್ಮ್ ಆಯ್ಕೆಯಲ್ಲಿ ಒಂದು ಸ್ಕ್ಯಾನ್ ಮಾಡಿ ಕಾಂಟ್ರಾಸ್ಟ್ ಏರಿಸಿ. ಕಿಂಡಿ ಒರೆಸಿದ ಮೇಲೂ ಅದೇ ಜಾಗದಲ್ಲಿ ಗೆರೆ ಉಳಿದರೆ ಧೂಳು ಗಾಜಿನ ಒಳಗೇ ಸೇರಿದೆ. ಬಿಚ್ಚಿ ಒರೆಸುವ ಕೈಚಳಕ ನಿಮಗಿಲ್ಲದಿದ್ದರೆ ಆ ಯಂತ್ರ ಬಿಡಿ.